ಹಳ್ಳದಲ್ಲಿ ಕೊರಮೀನು ಕಾಣುತ್ತದೆ, ಲೂರ್ ಮಾತ್ರ ಮುಟ್ಟುವುದಿಲ್ಲ – ಯಾಕೆ?

ಪ್ರಶ್ನೆ (ಕಾರಟಗಿಯಿಂದ):
ಅಣ್ಣಾ ನಮಸ್ಕಾರ. ಆರು ತಿಂಗಳ ಹಿಂದೆ ವಿಡಿಯೋ ನೋಡಿ ನೋಡಿ ಲೂರ್, ಅಂದರೆ ನಕಲಿ ಎರೆ ಕಟ್ಟಿ ಮೀನು ಹಿಡಿಯುವ ಹುಚ್ಚು ಹಿಡಿಯಿತು. ಏಳು ಅಡಿ ರಾಡ್, 3000 ಸೈಜಿನ ರೀಲ್, ಡಬ್ಬಿ ತುಂಬ ಲೂರ್ ತಗೊಂಡಿದ್ದೇನೆ. ಭಾನುವಾರ ಎಂಟು ಗಂಟೆಗೆ ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಮೇಲೆ ನಿಂತರೆ ಹನ್ನೊಂದರವರೆಗೂ ಎಸೆಯುವುದೇ ಕೆಲಸ. ಇಲ್ಲಿವರೆಗೆ ಸಿಕ್ಕಿದ್ದು ಒಂದು ಸಣ್ಣ ಮೀನು, ಒಂದು ಚಪ್ಪಲಿ. ಚಪ್ಪಲಿ ಮೀನಲ್ಲ ಅಣ್ಣಾ, ಕಾಲಿಗೆ ಹಾಕುವ ಚಪ್ಪಲಿ. ಪಕ್ಕದ ಹಳ್ಳದಲ್ಲಿ ಕೊರಮೀನು ಬುಳಕ್ ಅಂತ ಮೇಲೆ ಬಂದು ಹೋಗುವುದು ಕಣ್ಣಿಗೇ ಕಾಣುತ್ತದೆ. ಅದರ ತಲೆ ಮೇಲೇ ಲೂರ್ ಹಾಕಿದರೂ ಮುಟ್ಟುವುದಿಲ್ಲ. ಯಾವ ಲೂರ್ ತಗೊಳ್ಳಲಿ?

ಉತ್ತರ (ಗಂಗಾವತಿ, ಗಾಳದ ಸಾಮಾನಿನ ಅಂಗಡಿಯವನು):
ತಮ್ಮಾ, ಅಂಗಡಿ ಇಟ್ಟವನು ಹೇಳಬಾರದ ಮಾತು ಹೇಳುತ್ತೇನೆ. ಇನ್ನೊಂದು ಲೂರ್ ತಗೋಬೇಡ. ಇರುವುದು ಸಾಕು. ತಪ್ಪಿರುವುದು ನೀನು ನಿಲ್ಲುವ ಜಾಗ.

ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ರಾಯಚೂರು ಕಡೆಗೆ 226 ಕಿ.ಮೀ. ಹೋಗುತ್ತದೆ. ಅದರಲ್ಲಿ ಮೀನು ಇಲ್ಲ ಅಂತಲ್ಲ. ಆದರೆ ನೀರು ಬಿಟ್ಟಾಗ ನಡುಗಾಲುವೆಯಲ್ಲಿ ಸೆಳೆತ ಜೋರು, ಎರಡೂ ಕಡೆ ಸಿಮೆಂಟು ಬದಿ. ಬೇಟೆಗಾರ ಮೀನು ಸೋಮಾರಿ. ಸೆಳೆತದಲ್ಲಿ ಈಜುತ್ತಾ ಸುಸ್ತಾಗುವುದಿಲ್ಲ. ನೀರು ನಿಧಾನವಾಗುವ ಮೂಲೆಯಲ್ಲಿ ನಿಂತುಕೊಂಡು, ಸೆಳೆತ ಹೊತ್ತು ತಂದ ಸಣ್ಣ ಮೀನನ್ನು ನುಂಗುತ್ತದೆ. ನೀನು ನಡುಗಾಲುವೆಗೆ ನಲವತ್ತು ಮೀಟರ್ ಎಸೆದು ಖುಷಿಪಡುತ್ತಿದ್ದೀಯ, ಮೀನು ನಿನ್ನ ಕಾಲ ಕೆಳಗೇ ಇದೆ.

ನೋಡಬೇಕಾದ ಜಾಗ ಅಂದರೆ ತೂಬಿನ ಬಾಯಿ, ಡ್ರಾಪ್ (ಕಾಲುವೆ ನೀರು ಮೆಟ್ಟಿಲಿನ ಹಾಗೆ ಕೆಳಗೆ ಧುಮುಕುವ ಕಡೆ) ಕೆಳಗಿನ ಗುಂಡಿ, ಸೇತುವೆ ಕಂಬದ ಹಿಂದಿನ ನೆರಳು, ಸಿಮೆಂಟು ಕಿತ್ತು ಮಣ್ಣು ಕುಸಿದ ಕಡೆ. ಕಾಲುವೆ ಬಂದ್ ಆದ ಮೇಲೆ ಡ್ರಾಪ್ ಕೆಳಗೆ ಉಳಿದ ಮಡುಗಳನ್ನೂ ಬಿಡಬೇಡ. ಹರಿವ ನೀರಲ್ಲಿ ಮೀನಿನ ಮೂತಿ ಯಾವಾಗಲೂ ಸೆಳೆತದ ಎದುರಿಗೆ ಇರುತ್ತದೆ. ಅದಕ್ಕೇ ಮೇಲ್ಗಡೆಗೆ ಓರೆಯಾಗಿ ಎಸೆದು, ನೀರಿಗಿಂತ ಒಂದು ಚೂರು ವೇಗವಾಗಿ ಕೆಳಗೆ ತಾ. ಹಿಂದಿನಿಂದ ಬಂದು ಮೈಮೇಲೆ ಬೀಳುವ ಮರಿ ಮೀನನ್ನು ಯಾವ ಕೊರಮೀನೂ ನೋಡಿಲ್ಲ. ಹೆದರಿ ಓಡುತ್ತದೆ.

ಈಗ ಹಳ್ಳದ ವಿಷಯ. ನೀನು ಕಂಡ ಬುಳಕ್ ಬೇಟೆಯಲ್ಲ, ಉಸಿರು. ಕೊರಮೀನು ಕಿವಿರಿನಲ್ಲಷ್ಟೇ ಉಸಿರಾಡುವುದಿಲ್ಲ, ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ಅದಕ್ಕೇ ಕೆಸರು ನೀರಲ್ಲೂ ಬದುಕುತ್ತದೆ, ಮಾರ್ಕೆಟ್ಟಿನಲ್ಲಿ ಬಕೆಟ್ಟಿನಲ್ಲಿ ಗಂಟೆಗಟ್ಟಲೆ ಜೀವಂತ ಇರುತ್ತದೆ. ಉಸಿರಿನ ಬುಳಕ್ ಮೆತ್ತಗಿರುತ್ತದೆ. ಒಂದು ಸುತ್ತು ಅಲೆ, ಹಿಂದೆಯೇ ನಾಲ್ಕು ಗುಳ್ಳೆ, ಮುಗಿಯಿತು. ಬೇಟೆಯದು ಛಟಾರ್ ಅನ್ನುತ್ತದೆ, ಸಣ್ಣ ಮೀನು ಕಾಳು ಚೆಲ್ಲಿದ ಹಾಗೆ ಹಾರುತ್ತವೆ. ಗಾಳಿಗೆ ಬಂದ ಮೀನಿನ ತಲೆ ಮೇಲೆ ಅರ್ಧ ಮುಷ್ಟಿ ಪ್ಲಾಸ್ಟಿಕ್ ಬಿದ್ದರೆ ಅದು ಇನ್ನೇನು ಮಾಡಬೇಕು? ಗುರುತು ಇಟ್ಟುಕೊಂಡು ಐದು ನಿಮಿಷ ಸುಮ್ನೆ ಕೂತುಕೋ. ಆಮೇಲೆ ಆ ಜಾಗದಿಂದ ಐದಾರು ಅಡಿ ಆಚೆ ಎಸೆದು ಅದರ ಪಕ್ಕದಿಂದ ತಾ.

ಹೊತ್ತೂ ಬದಲಿಸು. ನಮ್ಮ ಬಿಸಿಲಿಗೆ ಬೆಳಕು ಹರಿಯುವ ಮುಂಚೆ ಅಲ್ಲಿರಬೇಕು, ಇಲ್ಲ ಸಂಜೆ ದನ ಮನೆಗೆ ತಿರುಗುವ ಹೊತ್ತಿಗೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ ನಿನ್ನ ಎಂಟು ಗಂಟೆ ಸರಿ. ಆಗ ನೀರು ಸ್ವಲ್ಪ ಬೆಚ್ಚಗಾಗಬೇಕು.

ಪ್ರಶ್ನೆ (ಸಿಂಧನೂರಿನಿಂದ):
ಸರ್, ನನಗೆ ಹೊಡೆತ ಬರುತ್ತವೆ. ಗದ್ದೆ ನೀರು ಬಸಿಯುವ ಹಳ್ಳದಲ್ಲಿ ಕಪ್ಪೆ ಲೂರ್ ಹಾಕುತ್ತೇನೆ. ಹತ್ತು ಸಲ ಹೊಡೆದರೆ ಎಂಟು ಸಲ ಬರೀ ಲೂರ್ ಮುಖಕ್ಕೆ ಹಾರಿ ಬರುತ್ತದೆ. ಕೊಕ್ಕೆ ಮೊಂಡಾಗಿದೆಯಾ?

ಉತ್ತರ:
ಕೊಕ್ಕೆ ಸರಿಯಾಗೇ ಇದೆ ರೀ, ನಿಮ್ಮ ಕೈಗೇ ಅವಸರ.

ಕಪ್ಪೆ ಲೂರನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಟೊಳ್ಳು ರಬ್ಬರ್. ಎರಡು ಕೊಕ್ಕೆಗಳ ಮುಳ್ಳು ಬೆನ್ನಿಗೆ ಅಂಟಿ ಮೇಲಕ್ಕೆ ನೋಡುತ್ತಿವೆ. ಅದಕ್ಕೇ ಅಂತರಗಂಗೆ ಮೇಲೂ ಜಂಬು ಹುಲ್ಲಿನ ನಡುವೆಯೂ ಸಿಕ್ಕಿಕೊಳ್ಳದೆ ಜಾರುತ್ತದೆ. ಮೀನು ದವಡೆಯಲ್ಲಿ ಹಿಸುಕಿದಾಗ ಮಾತ್ರ ರಬ್ಬರ್ ಚಪ್ಪಟೆಯಾಗಿ ಮುಳ್ಳು ಹೊರಬರುತ್ತದೆ. ನೀರು ಸಿಡಿದ ತಕ್ಷಣ ನೀವು ಎಳೆದರೆ ರಬ್ಬರ್ ಉಬ್ಬಿಯೇ ಇರುತ್ತದೆ. ಬಾಯಿಂದ ಜಾರಿ ಬರುತ್ತದೆ.

ಹಾಗಾಗಿ ಛಟಾರ್ ಅಂದಾಗ ಏನೂ ಮಾಡಬೇಡಿ. ರಾಡ್ ತುದಿ ನೀರಿನ ಕಡೆಗೆ ಇಳಿಸಿ. ಸಡಿಲ ದಾರ ಸುತ್ತಿಕೊಳ್ಳಿ. ದಾರ ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಕೈಗೆ ಒದ್ದೆ ಬಟ್ಟೆ ಎತ್ತಿದ ಹಾಗೆ ಭಾರ ಬರುತ್ತದೆ. ಆಗ ಎರಡೂ ಕೈಯಲ್ಲಿ ಜೋರಾಗಿ ಹೊಡೆಯಿರಿ. ಒಮ್ಮೆ ಸಿಕ್ಕ ಮೇಲೆ ದಯೆ ದಾಕ್ಷಿಣ್ಯ ಬೇಡ. ಹುಲ್ಲಿಗೆ ನುಗ್ಗುವ ಮುಂಚೆ ತಲೆ ಎತ್ತಿಸಬೇಕು. ಡ್ರ್ಯಾಗ್, ಅಂದರೆ ದಾರ ಬಿಚ್ಚದಂತೆ ತಡೆಯುವ ರೀಲಿನ ಬಿಗಿ, ಪೂರಾ ಇರಲಿ. ಹಳ್ಳಕ್ಕೆ 30 ಅಥವಾ 40 ಪೌಂಡು ತಡೆಯುವ ಬ್ರೇಡ್ (ಎಳೆ ಹೆಣೆದ) ದಾರ ಹಾಕಿ, ಸಣ್ಣ ದಾರ ಇಲ್ಲಿ ನಡೆಯುವುದಿಲ್ಲ. ಬ್ರೇಡನ್ನು ಕೈಗೆ ಸುತ್ತಿಕೊಂಡು ಎಳೆಯಬೇಡಿ, ಬೆರಳು ಕೊಯ್ಯುತ್ತದೆ.

ಇದೆಲ್ಲ ಕಪ್ಪೆಗೆ ಮಾತ್ರ. ಸ್ಪಿನ್ನರ್, ಸ್ಪೂನ್, ಕ್ರ್ಯಾಂಕ್‌ಬೈಟ್ ಅನ್ನುವ ಬೇರೆ ಲೂರ್‌ಗಳಲ್ಲಿ ಮುಳ್ಳು ಬಯಲಲ್ಲೇ ಇರುತ್ತದೆ. ಅವಕ್ಕೆ ಕಾಯುವುದು ಬೇಡ, ದಾರ ಬಿಗಿ ಇಟ್ಟರೆ ಸಾಕು.

ಕಪ್ಪೆಯನ್ನು ಒಂದೇ ಸಮ ಎಳೆಯುವವರೇ ಜಾಸ್ತಿ. ನಾನು ಎರಡು ಕುಪ್ಪಳ, ಒಂದು ನಿಲುಗಡೆ ಕೊಡುತ್ತೇನೆ. ಹುಲ್ಲು ಮುಗಿದು ಬಯಲು ನೀರು ಶುರುವಾಗುವ ಅಂಚಿನಲ್ಲಿ ಪೂರ್ತಿ ನಿಲ್ಲಿಸುತ್ತೇನೆ. ಅಲೆ ಕರಗುವವರೆಗೂ. ಹೋದ ಮಳೆಗಾಲದಲ್ಲಿ ಒಂದು ಹಳ್ಳದ ಅಂಚಿಗೆ ನಿಲ್ಲಿಸಿ ಬೀಡಿ ಹಚ್ಚಲು ಕಿಸೆಗೆ ಕೈ ಹಾಕಿದ್ದೆ, ಕಡ್ಡಿಪೆಟ್ಟಿಗೆ ನೀರಿಗೆ ಬಿತ್ತು, ಮೀನು ದಂಡೆಗೆ ಬಂತು.

ಒಬ್ಬರು ಹಿರಿಯರು (ಕಂಪ್ಲಿಯಿಂದ):
ನಾವು ನದಿ ದಂಡೆಯ ಮೀನುಗಾರರ ಮನೆಯವರು. ಎರೆಹುಳ, ಸಣ್ಣ ಮೀನು ಕಟ್ಟಿ ಗಾಳ ಹಾಕಿದರೆ ಆಗುವ ಕೆಲಸಕ್ಕೆ ನೂರಾರು ರೂಪಾಯಿಯ ರಬ್ಬರ್ ಕಪ್ಪೆ ಯಾಕಪ್ಪಾ?

ಉತ್ತರ:
ಯಜಮಾನ್ರೇ, ನಿಮ್ಮ ಮಾತು ಸುಳ್ಳಲ್ಲ. ಮನೆಗೆ ಸಾರಿಗೆ ಮೀನು ಬೇಕಿದ್ದರೆ ನಿಮ್ಮ ಗಾಳವೇ ಗಟ್ಟಿ. ಲೂರ್‌ನಲ್ಲಿ ಒಂದು ಅನುಕೂಲ ಇದೆ. ಮೀನು ಹೊಟ್ಟೆವರೆಗೆ ನುಂಗುವುದು ಕಡಿಮೆ, ತುಟಿಗೇ ಸಿಕ್ಕುತ್ತದೆ. ಬಿಡಬೇಕೆಂದರೆ ಜೀವಂತ ಬಿಡಬಹುದು.

ಪ್ರಶ್ನೆ (ಸಿರುಗುಪ್ಪದಿಂದ):
ಅಣ್ಣಾ, ಹಳ್ಳದಲ್ಲಿ ನೀರ ಮೇಲೆ ಕೆಂಪಗೆ ಒಂದು ಗುಂಪು ಕುದಿಯುವ ಹಾಗೆ ಕಾಣುತ್ತದೆ. ಅದರ ಮೇಲೆ ಲೂರ್ ಹಾಯಿಸಿದರೆ ದೊಡ್ಡ ಮೀನು ಗ್ಯಾರಂಟಿ ಅಂತ ಗೆಳೆಯ ಹೇಳಿದ. ನಿಜಾನಾ?

ಉತ್ತರ:
ನಿಜ. ಅದಕ್ಕೇ ಮಾಡಬೇಡಿ.

ಅದು ಕೊರಮೀನಿನ ಮರಿಗಳ ಗುಂಪು. ಕೊರಮೀನು ಮಳೆಗಾಲದಲ್ಲಿ ಹುಲ್ಲಿನ ನಡುವೆ ಗೂಡು ಮಾಡಿ ಮೊಟ್ಟೆ ಇಡುತ್ತದೆ. ಮರಿ ಹೊರಬಂದ ಮೇಲೂ ತಂದೆ ತಾಯಿ ಕೆಳಗೇ ಕಾವಲು ಕಾಯುತ್ತವೆ. ಲೂರಿಗೆ ಅವು ಬಾಯಿ ಹಾಕುವುದು ಹಸಿವಿಗಲ್ಲ, ಸಿಟ್ಟಿಗೆ. ದೊಡ್ಡದನ್ನು ಎತ್ತಿದರೆ ಅರ್ಧ ಗಂಟೆಯಲ್ಲಿ ಜಿಲೇಬಿ ಮೀನು, ಗಿರಲು ಎಲ್ಲ ಸೇರಿ ಆ ಮರಿಗಳನ್ನು ಮುಗಿಸುತ್ತವೆ. ಹೊಸದರಲ್ಲಿ ನಾನೂ ಒಮ್ಮೆ ಹಾಗೆ ಹಿಡಿದಿದ್ದೆ. ಫೋಟೋ ತೆಗೆಯುವಷ್ಟರಲ್ಲಿ ಆ ಕೆಂಪು ಗುಂಪು ಚೂರುಚೂರಾಗಿ ಚದುರಿತು. ಆ ಫೋಟೋ ಅಂಗಡಿಯಲ್ಲಿ ಹಾಕಿಲ್ಲ. ಮಾತು ಬಂತು ಅಂತ ಹೇಳುತ್ತೇನೆ, ಪಕ್ಕದ ತೆಲಂಗಾಣದಲ್ಲಿ ಕೊರಮೀನು ರಾಜ್ಯದ ಮೀನು.

ಪ್ರಶ್ನೆ (ರಾಯಚೂರಿನಿಂದ):
ಸರ್, ಕೃಷ್ಣಾ ನದಿಯಲ್ಲಿ ಬಾಳೆ ಮೀನಿಗೆ ಲೂರ್ ಹಾಕಬೇಕು. ಮೊಣಕಾಲು ನೀರಿಗೆ ಇಳಿದು ಎಸೆದರೆ ಆಳ ಸಿಗುತ್ತದೆ. ಸಾಮಾನು ಯಾವುದು ಬೇಕು?

ಉತ್ತರ:
ಮೊದಲು ನೀರಿನಿಂದ ಮೇಲೆ ಬನ್ನಿ. ಕೃಷ್ಣೆಯಲ್ಲೂ ತುಂಗಭದ್ರೆಯಲ್ಲೂ ಮೊಸಳೆ ಇವೆ. ಮೊಣಕಾಲು ನೀರು, ಬೆಳಕು ಕಡಿಮೆ ಇರುವ ಹೊತ್ತು, ಕೈಯಲ್ಲಿ ಒದ್ದಾಡುವ ಮೀನು. ಮೊಸಳೆಗೆ ಇದಕ್ಕಿಂತ ಒಳ್ಳೆ ಕರೆಯೋಲೆ ಬೇಕಾ? ದಂಡೆಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತೇ ಎಸೆಯಿರಿ.

ಇನ್ನೊಂದು, ನದಿ ಬಂಡೆಗಳ ಮೇಲೆ ಕೂರುವವರು ಡ್ಯಾಮಿನ ಸುದ್ದಿ ಕೇಳಿಯೇ ಹೋಗಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದದ್ದು ಎಲ್ಲರಿಗೂ ಗೊತ್ತು. ಅಂಥದ್ದೇನೂ ಆಗದಿದ್ದರೂ ಗೇಟು ಎತ್ತಿದ ದಿನ ಕೆಳಗೆ ನೀರು ಏರುವುದು ಗೊತ್ತೇ ಆಗುವುದಿಲ್ಲ. ಬಂಡೆ ಸುತ್ತ ನೀರು ತುಂಬಿದ ಮೇಲೆ ಈಜು ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ.

ಬಾಳೆ ಮೀನು ಹೊಸ ನೀರು ಬಂದಾಗ ಮೇಲಕ್ಕೆ ಏರುತ್ತದೆ. ಆಮೇಲೆ ಆಳದ ಮಡುಗಳಲ್ಲಿ ಹಗಲು ಮಲಗಿ, ಮುಸ್ಸಂಜೆಗೆ ಅಂಚಿಗೆ ಬರುತ್ತದೆ. ನಾಲ್ಕೈದು ಇಂಚಿನ ಮಿನ್ನೋ (ಸಣ್ಣ ಮೀನಿನ ಆಕಾರದ ಲೂರ್), ಇಲ್ಲ ಬಾಲ ಆಡಿಸುವ ಸಾಫ್ಟ್ ಪ್ಲಾಸ್ಟಿಕ್ ತಗೊಳ್ಳಿ. ತಳ ಸವರುವಷ್ಟು ನಿಧಾನ ತನ್ನಿ. ಅದರ ಬಾಯಲ್ಲಿ ಸಣ್ಣ ಹಲ್ಲುಗಳ ಸಾಲು, ಉಪ್ಪುಕಾಗದದ ಹಾಗೆ ದಾರ ಸವೆಸುತ್ತದೆ. ಬ್ರೇಡ್ ತುದಿಗೆ, ಲೂರಿಗೆ ಮುಂಚೆ, ಎರಡು ಅಡಿ ಉದ್ದದ ದಪ್ಪ ದಾರ (ಲೀಡರ್) ಕಟ್ಟಲೇಬೇಕು. ಪ್ರತಿ ಮೀನಿನ ನಂತರ ಉಗುರಲ್ಲಿ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಈ ಮೀನು ಅಪಾಯದಲ್ಲಿರುವ ಜಾತಿಗಳ ಜೊತೆ ಇದೆ. ನಾನು ಹಿಡಿದದ್ದನ್ನು ಬಿಡುತ್ತೇನೆ. ನೀವೂ ಬಿಟ್ಟರೆ ಖುಷಿ.

ಪ್ರಶ್ನೆ (ಕೊಪ್ಪಳದಿಂದ):
ಪರ್ಮಿಷನ್ ಬೇಕಾ ಸರ್? ಆನೆಗೊಂದಿ ಹತ್ತಿರ ಒಬ್ಬರು ತಡೆದರು.

ಉತ್ತರ:
ಸರಿಯಾಗೇ ತಡೆದಿದ್ದಾರೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿ.ಮೀ. ನದಿ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯನ್ನು ಕೇಳದೆ ಅಲ್ಲಿ ರಾಡ್ ಬಿಚ್ಚಬೇಡಿ. ಉಳಿದ ಕಡೆಗೂ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಕೆರೆ, ಜಲಾಶಯಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಂಘದ ಕೈಯಲ್ಲೋ ಗುತ್ತಿಗೆದಾರರ ಕೈಯಲ್ಲೋ ಇರುತ್ತದೆ. ತಾಲೂಕು ಮೀನುಗಾರಿಕೆ ಕಚೇರಿಯಲ್ಲಿ ಒಮ್ಮೆ ಕೇಳಿ, ಊರವರಿಗೂ ಒಂದು ಮಾತು ಹೇಳಿ. ಹಾಗೇ, ಸಿಮೆಂಟು ಕಾಲುವೆಗೆ ಒಬ್ಬರೇ ಹೋಗಬೇಡಿ. ಪಾಚಿ ಹಿಡಿದ ಆ ಇಳಿಜಾರಿನಲ್ಲಿ ಜಾರಿದರೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗುವುದಿಲ್ಲ. ನನ್ನ ಬೈಕಿನ ಸೀಟಿನಡಿ ಇಪ್ಪತ್ತು ಅಡಿ ಹಗ್ಗ ಯಾವಾಗಲೂ ಇರುತ್ತದೆ.

ಉದ್ದ ಮೂತಿಯ ಇಕ್ಕಳವನ್ನೂ ಮರೆಯಬೇಡಿ. ಒಂದು ಸಲ ಇಕ್ಕಳ ಮನೆಯಲ್ಲಿ ಬಿಟ್ಟು, ಕೊರಮೀನಿನ ಬಾಯಿಂದ ಕೈಯಲ್ಲೇ ಲೂರ್ ಬಿಡಿಸಲು ಹೋದೆ. ಮೀನು ಕೊಸರಿತು, ಒಂದು ಮುಳ್ಳು ನನ್ನ ಹೆಬ್ಬೆರಳಿಗೆ ಇಳಿಯಿತು, ಇನ್ನೊಂದು ಮೀನಿನ ತುಟಿಯಲ್ಲೇ ಇತ್ತು. ನಾವಿಬ್ಬರೂ ಒಂದೇ ಲೂರಿಗೆ ಬಿದ್ದಿದ್ದೆವು. ಹತ್ತಿರದ ದವಾಖಾನೆಗೆ ಹೋದರೆ ಕಂಪೌಂಡರ್ ಮೊದಲು ಕೇಳಿದ್ದು, ಮೀನು ಎಷ್ಟು ಕೆಜಿ ಅಂತ.

ಕಾರಟಗಿಯಿಂದ ಮತ್ತೆ:
ಅಣ್ಣಾ, ಮೂರು ವಾರ ಆಯಿತು. ಮುಖ್ಯ ಕಾಲುವೆ ಬಿಟ್ಟು ತೂಬಿನ ಕೆಳಗಿನ ಹಳ್ಳಕ್ಕೆ ಹೋಗುತ್ತಿದ್ದೇನೆ. ಮೊದಲ ಎರಡು ವಾರ ಏನೂ ಇಲ್ಲ. ನಿನ್ನೆ ಬೆಳಗ್ಗೆ ಆರೂಕಾಲಿಗೆ ಹುಲ್ಲಿನ ಅಂಚಲ್ಲಿ ನಿಲ್ಲಿಸಿದ್ದೆ. ಹೊಡೆಯಿತು. ನೀವು ಹೇಳಿದ್ದು ನೆನಪಾಗಿ ಕಾಯ್ದೆ, ಕೈ ನಡುಗುತ್ತಿತ್ತು. ಮೊಣಕೈ ಉದ್ದದ್ದು ಬಂತು. ಹಸಿರು ಕಪ್ಪೆಗೆ ಬಿತ್ತು. ಕಪ್ಪು ಬಣ್ಣದ್ದೂ ತಗೊಳ್ಳಲಾ?

ಉತ್ತರ:
ಭೇಷ್ ತಮ್ಮಾ! ಮೀನು ಕೆಳಗಿನಿಂದ ನೋಡುವಾಗ ಅದಕ್ಕೆ ಕಾಣುವುದು ಲೂರಿನ ನೆರಳು. ಮಬ್ಬು ಬೆಳಕಲ್ಲಿ ಕಪ್ಪು ಚೆನ್ನಾಗಿ ಕಾಣುತ್ತದೆ, ಒಂದು ಇರಲಿ. ಅಂಗಡಿಯಲ್ಲಿ ಹನ್ನೊಂದು ಬಣ್ಣ ಇಟ್ಟಿದ್ದೇನೆ. ನನ್ನ ಸ್ವಂತ ಡಬ್ಬಿಯಲ್ಲಿ ಇರುವುದು ಎರಡೇ.