ಯುದ್ಧಕ್ಕೆ ಒದಗದ ಕವಚವನ್ನು ಏಕೆ ಮಾಡಿಸುತ್ತಿದ್ದರು?

ಪ್ರಶ್ನೆ

ಇಟಲಿಯ ಮಿಲಾನಿನ ಕವಚಕಾರ ಫಿಲಿಪ್ಪೊ ನೆಗ್ರೋಲಿ 1543ರಲ್ಲಿ ಮಾಡಿದ ಶಿರಸ್ತ್ರಾಣವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ನೋಡಿದೆ. ನೆತ್ತಿಯುದ್ದಕ್ಕೂ ಮೈಚೆಲ್ಲಿದ ಮತ್ಸ್ಯಕನ್ಯೆಯೊಬ್ಬಳು ಗ್ರೀಕ್ ಪುರಾಣದ ಹಾವುಗೂದಲಿನ ರಾಕ್ಷಸಿ ಮೆಡೂಸಾಳ ಮುಖ ಕಿವಿಚಿದ ತಲೆಯನ್ನು ಹಿಡಿದಿದ್ದಾಳೆ. ಇಕ್ಕೆಲಗಳಲ್ಲಿ ಬಳ್ಳಿಗಳ ಸುರುಳಿಯೊಳಗೆ ಪುಟ್ಟ ಮಕ್ಕಳಿದ್ದಾರೆ. ಕಂಚಿನ ಎರಕವೆಂದೇ ನಂಬಿದ್ದೆ, ಆದರೆ ಅದು ಉಕ್ಕು. ಇಂಥದನ್ನು ತೊಟ್ಟು ಯಾರಾದರೂ ಕಾದಾಡಲು ಸಾಧ್ಯವಿತ್ತೇ?

ಉತ್ತರ 1

ಕಾದಾಟಕ್ಕೆ ಅದು ತಕ್ಕದ್ದಲ್ಲ. ಒಳ್ಳೆಯ ಕವಚದ ಮೈ ನುಣುಪಾಗಿರಬೇಕು, ಏಕೆಂದರೆ ಆಗ ಮಾತ್ರ ಕತ್ತಿಯ ಅಲಗು ಜಾರಿ ಹೋಗುತ್ತದೆ. ಉಬ್ಬುಚಿತ್ರದ ಸಂದುಗಳು ಅದನ್ನು ತಡೆದು ನಿಲ್ಲಿಸಿ ಪೆಟ್ಟಿನ ಪೂರ್ಣ ಬಲವನ್ನು ಒಳಗೆ ಬಿಡುತ್ತವೆ. ಆದರೂ ನನಗೆ ಅದರ ಹಿರಿಮೆ ಕಾಣುವುದು ಅಲ್ಲಿಯೇ. ಬೆಳ್ಳಿ, ತಾಮ್ರಗಳು ಸುತ್ತಿಗೆಗೆ ಸುಲಭವಾಗಿ ಮಣಿಯುತ್ತವೆ, ಉಕ್ಕು ಹಾಗಲ್ಲ. ಒಂದೇ ತಗಡನ್ನು ಮತ್ತೆ ಮತ್ತೆ ಕಾಯಿಸಿ, ಎಲ್ಲಿಯೂ ಸೀಳದಂತೆ ಅಷ್ಟೆತ್ತರಕ್ಕೆ ಉಬ್ಬಿಸಿ, ಕೊನೆಗೆ ಕಂಚಿನಂತೆ ಕಾಣುವ ಬಣ್ಣ ಕೊಟ್ಟಿದ್ದಾರೆ. ಹಣೆಯ ಪಟ್ಟಿಯ ಮೇಲೆ ನೆಗ್ರೋಲಿ ತನ್ನ ಹೆಸರು, ತಂದೆಯ ಹೆಸರು, ಊರು, ಇಸವಿಗಳನ್ನು ಲ್ಯಾಟಿನ್ನಿನಲ್ಲಿ ಬರೆದಿದ್ದಾನೆ. ತಾನು ಬರಿಯ ಕಮ್ಮಾರನಲ್ಲ, ಶಿಲ್ಪಿ ಎಂಬ ಘೋಷಣೆಯಾಗಿಯೇ ನಾನದನ್ನು ಓದುತ್ತೇನೆ. ಮೆರವಣಿಗೆಯಲ್ಲಿ ಪ್ರಾಚೀನ ರೋಮಿನ ವೀರನಂತೆ ಕಾಣಬಯಸಿದ ದೊರೆಗೆ ಇದಕ್ಕಿಂತ ದೊಡ್ಡ ಒಡವೆ ಇರಲಾರದು.

ಉತ್ತರ 2

ಒಂದು ತಿದ್ದುಪಡಿ: ಅಲಂಕಾರವಿದ್ದ ಮಾತ್ರಕ್ಕೆ ಕವಚ ನಿರುಪಯುಕ್ತವಾಗುವುದಿಲ್ಲ. ಆಮ್ಲದಿಂದ ಚಿತ್ರ ಕೊರೆದು ಚಿನ್ನದ ಲೇಪ ಕೊಟ್ಟರೆ ಲೋಹದ ಆಕಾರ ಕೆಡದು. ಇಂಗ್ಲೆಂಡಿನ ಗ್ರೀನಿಚ್‌ನಲ್ಲಿದ್ದ ಅರಮನೆಯ ಕವಚ ಕಾರ್ಯಾಗಾರದಲ್ಲಿ ತಯಾರಾದ, ಕಂಬರ್‌ಲೆಂಡಿನ ಅರ್ಲ್ ಜಾರ್ಜ್ ಕ್ಲಿಫರ್ಡ್‌ನ ಕವಚವೂ ಅದೇ ಸಂಗ್ರಹಾಲಯದಲ್ಲಿದೆ. ಸುಮಾರು 27 ಕಿಲೋ ತೂಗುವ ಅದರ ಮೇಲೆ ಅಲ್ಲಿನ ಟ್ಯೂಡರ್ ರಾಜವಂಶದ ಗುರುತಾದ ಗುಲಾಬಿಗಳೂ, ರಾಣಿ ಒಂದನೆಯ ಎಲಿಜಬೆತ್‌ಳನ್ನು ಸೂಚಿಸುವ, ಬೆನ್ನಿಗೆ ಬೆನ್ನು ತಾಗಿಸಿದ ಜೋಡಿ 'ಇ' ಅಕ್ಷರಗಳೂ ಇವೆ. 1590ರಲ್ಲಿ ಆತ ಪಂದ್ಯಗಳಲ್ಲಿ ರಾಣಿಯ ಪರವಾಗಿ ಕಣಕ್ಕಿಳಿಯುವ ಅಧಿಕೃತ ವೀರನಾದ. ರಾಣಿಯ ಕೃಪೆ ತನ್ನ ಮೇಲಿದೆಯೆಂಬುದನ್ನು ಆತ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಕ್ಲಿಫರ್ಡ್‌ನ ಕವಚದ ಮುಂದೆಯೂ ನಿಂತಿದ್ದೆ. ಆ ಅಕ್ಷರಗಳನ್ನು ಬರಿಯ ಹೆಣಿಗೆಯೆಂದು ತಿಳಿದು ಮುಂದೆ ನಡೆದುಬಿಟ್ಟೆ.