ಟೈರು ಉಬ್ಬಿದೆ, ಇನ್ನು ಯಾವ ಕಂಪನಿಯನ್ನು ನಂಬಲಿ?

ಪ್ರಶ್ನೆ

ಬೈಕಿಗೆ ಹಿಂದಿನ ಟೈರನ್ನು ಹೊಸದಾಗಿ ಹಾಕಿಸಿ ನಾಲ್ಕು ತಿಂಗಳಾಗಿದೆ. ಓಡಿರುವುದು 3,200 ಕಿ.ಮೀ. ಮಾತ್ರ. ಹೋದ ವಾರದಿಂದ 40ರ ವೇಗದಲ್ಲಿ ಸೀಟಿನ ಕೆಳಗೆ ಏನೋ ಕುಲುಕಿದಂತಾಗುತ್ತಿದೆ. ನಿನ್ನೆ ಬೈಕು ತೊಳೆಯುವಾಗ ನೋಡಿದರೆ, ಟೈರಿನ ಮೈಯಲ್ಲಿ ಅಂಚಿಗೆ ಹತ್ತಿರ ಹೆಬ್ಬೆರಳಿನಷ್ಟು ಅಗಲದ ಉಬ್ಬು. ಹೆಸರುವಾಸಿ ಕಂಪನಿಯದೇ ಟೈರು. ಅಂಗಡಿಯವರು "ಗುಂಡಿಗೆ ಇಳಿಸಿರುತ್ತೀರಿ" ಎನ್ನುತ್ತಾರೆ. ನನಗೆ ಅಂಥದ್ದೇನೂ ನೆನಪಿಲ್ಲ. ಇದು ತಯಾರಿಕೆಯ ದೋಷವೇ? ಬದಲಾಯಿಸುವವರೆಗೆ ನಿಧಾನವಾಗಿ ಓಡಿಸಬಹುದೇ? ಮುಂದೆ ಯಾವ ಕಂಪನಿಯ ಟೈರನ್ನು ನಂಬಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಓಡಿಸಬೇಡಿ. ನಿಧಾನವಾಗಿಯೂ ಬೇಡ, ಅಂಗಡಿಯವರೆಗೂ ಬೇಡ. ಚಕ್ರವನ್ನು ಬಿಚ್ಚಿ ಒಯ್ಯಿರಿ, ಇಲ್ಲವೇ ಬೈಕನ್ನೇ ಇನ್ನೊಂದು ಗಾಡಿಯ ಮೇಲೆ ಹೇರಿ ಸಾಗಿಸಿ. ಟೈರಿನ ಬಲವಿರುವುದು ಹೊರಗೆ ಕಾಣುವ ರಬ್ಬರಿನಲ್ಲಲ್ಲ, ಅದರೊಳಗೆ ಹುದುಗಿರುವ ನೈಲಾನ್, ಪಾಲಿಯೆಸ್ಟರ್ ಅಥವಾ ಉಕ್ಕಿನ ಎಳೆಗಳಲ್ಲಿ. ಉಬ್ಬು ಕಂಡಿತೆಂದರೆ ಆ ಎಳೆಗಳು ಹರಿದಿವೆ, ಇಲ್ಲವೇ ಎಳೆಗಳ ಪದರ ಮೇಲಿನ ರಬ್ಬರನ್ನು ಬಿಟ್ಟು ಬಂದಿದೆ. ಹರಿದಿದ್ದರೆ ಆ ಜಾಗದಲ್ಲಿ ಗಾಳಿಯನ್ನು ತಡೆದಿರುವುದು ಬರೀ ರಬ್ಬರು. ಪದರ ಬಿಟ್ಟಿದ್ದರೆ, ಚಕ್ರ ಸುತ್ತಿದಷ್ಟೂ ಆ ಜಾಗ ಉಜ್ಜಿ ಬಿಸಿಯೇರಿ ಇನ್ನಷ್ಟು ಬಿಡುತ್ತಾ ಹೋಗುತ್ತದೆ. ಯಾವತ್ತು ಕಿತ್ತು ಬರುತ್ತದೆ ಎಂದು ಅದು ಹೇಳಿ ಬರುವುದಿಲ್ಲ.

ನನಗೂ ಹೀಗೆಯೇ ಆಗಿತ್ತು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಹಿಂದಿನ ಟೈರು, ಸುಮಾರು 4,000 ಕಿ.ಮೀ. ಓಡಿತ್ತು. 35ರಿಂದ 45ರ ನಡುವೆ ಸೀಟು ಎಡಕ್ಕೂ ಬಲಕ್ಕೂ ತೂಗುತ್ತಿತ್ತು. 60 ದಾಟಿದರೆ ಏನೂ ತಿಳಿಯುತ್ತಿರಲಿಲ್ಲ. ವೇಗ ಹೆಚ್ಚಿದಾಗ ಸರಿಹೋಗುತ್ತದೆ ಎಂದ ಮೇಲೆ ದೊಡ್ಡ ತೊಂದರೆಯೇನೂ ಇರಲಾರದು ಎಂದುಕೊಂಡೆ. ಚಕ್ರದ ಬೇರಿಂಗ್ ಬದಲಾಯಿಸಿದೆ, ಚೈನಿನ ಬಿಗಿ ಸರಿಮಾಡಿಸಿದೆ, ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿನ, ಅಂದರೆ ಸ್ವಿಂಗ್ ಆರ್ಮಿನ, ಬುಷ್ ನೋಡಿಸಿದೆ. ಹೀಗೆ ಮೂರು ವಾರ ಓಡಿಸಿದೆ, ಅದರಲ್ಲಿ ಎರಡು ಸಲ ಮಗಳನ್ನು ಹಿಂದೆ ಕೂರಿಸಿಕೊಂಡು. ಆ ಎರಡು ಪ್ರಯಾಣಗಳನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕೊನೆಗೆ ಹಿರಿಯ ಮೆಕ್ಯಾನಿಕ್ ಒಬ್ಬರು ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಒಂದು ಪೆನ್ಸಿಲನ್ನು ಸ್ವಿಂಗ್ ಆರ್ಮಿಗೆ ದಾರದಿಂದ ಕಟ್ಟಿ, ಅದರ ಮೊನೆ ಟೈರಿಗೆ ತಾಗಿಯೂ ತಾಗದಂತೆ ಇರಿಸಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ 'ಟಕ್'. ಮತ್ತೆ ಒಂದು ಸುತ್ತು, ಮತ್ತೆ ಅದೇ ಜಾಗದಲ್ಲಿ 'ಟಕ್'. ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, ಪೆನ್ಸಿಲನ್ನು ರಿಮ್ಮಿನ ಅಂಚಿಗೆ ಸರಿಸಿ ಇನ್ನೊಮ್ಮೆ ತಿರುಗಿಸಿದರು. ಈ ಸಲ ಎಲ್ಲಿಯೂ ತಾಗಲಿಲ್ಲ. ರಿಮ್ ನೆಟ್ಟಗಿತ್ತು, ಸೊಟ್ಟಗಿದ್ದದ್ದು ಟೈರು. ಗೆರೆ ಎಳೆದ ಜಾಗದ ಮೇಲೆ ಅಂಗೈ ಆಡಿಸಿದೆ; ಅಷ್ಟು ದಿನ ಕಣ್ಣಿಗೆ ಬೀಳದ ದಿಬ್ಬ ಕೈಗೆ ಸ್ಪಷ್ಟವಾಗಿ ಸಿಕ್ಕಿತು. ಅಂದಿನಿಂದ ತಿಂಗಳಿಗೊಮ್ಮೆ ಎರಡೂ ಚಕ್ರಗಳಿಗೆ ಈ ಪರೀಕ್ಷೆ ಮಾಡುತ್ತೇನೆ. ಹತ್ತು ನಿಮಿಷದ ಕೆಲಸ.

ಇನ್ನು ಗುಂಡಿಯ ಪೆಟ್ಟೋ ತಯಾರಿಕೆಯ ದೋಷವೋ ಎಂಬುದು. ಹೊರಗಿನಿಂದ ನೋಡಿ ಇದನ್ನು ತೀರ್ಮಾನಿಸಲಾಗದು. ಅಂಗಡಿಯವರು ನಿಂತ ನಿಲುವಿನಲ್ಲಿ ಕೊಟ್ಟ ತೀರ್ಪನ್ನು ಒಪ್ಪಬೇಡಿ. ಟೈರನ್ನು ರಿಮ್ಮಿನಿಂದ ಬಿಡಿಸಿ, ಒಳಮೈಯನ್ನು ಬೆಳಕಿಗೆ ಹಿಡಿದು ನೋಡಬೇಕು. ಪೆಟ್ಟಿನಿಂದ ಆದ ಉಬ್ಬು ಹೆಚ್ಚಾಗಿ ಪಕ್ಕೆಯಲ್ಲಿರುತ್ತದೆ. ಒಳಗೆ ಅದೇ ಜಾಗದಲ್ಲಿ ಸೀಳೋ ಎಳೆ ಮುರಿದ ಗೆರೆಯೋ ಕಾಣುತ್ತದೆ. ಎಷ್ಟೋ ಸಲ ರಿಮ್ಮಿನ ಅಂಚೂ ನೆಗ್ಗಿರುತ್ತದೆ. ಒಳಮೈ ನುಣುಪಾಗಿದ್ದು, ರಿಮ್ ನೆಟ್ಟಗಿದ್ದು, ಉಬ್ಬು ನೆಲ ಮುಟ್ಟುವ ಭಾಗದಲ್ಲಿ ಎದ್ದಿದ್ದರೆ, ಅದೂ ಇಷ್ಟು ಬೇಗ, ಅನುಮಾನ ಕಾರ್ಖಾನೆಯ ಕಡೆಗೆ ತಿರುಗುತ್ತದೆ. ಪದರಗಳನ್ನು ಒಂದರ ಮೇಲೊಂದು ಸುತ್ತುವಾಗ ನಡುವೆ ತೇವವೋ ದೂಳೋ ಗಾಳಿಯೋ ಸಿಕ್ಕಿಕೊಂಡರೆ, ಆಮೇಲೆ ಅಚ್ಚಿನಲ್ಲಿಟ್ಟು ಬೇಯಿಸಿದರೂ ಆ ಜಾಗದಲ್ಲಿ ರಬ್ಬರು ಕಚ್ಚಿಕೊಳ್ಳುವುದಿಲ್ಲ. ಅಂಗಡಿಯಲ್ಲಿ ಅಂಥ ಟೈರು ಉಳಿದವುಗಳಂತೆಯೇ ಕಾಣುತ್ತದೆ. ಸಾವಿರಾರು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆಯೇ ಒಳಗಿನ ಹುಳುಕು ಹೊರಗೆ ಬರುವುದು.

ಟೈರನ್ನು ಅಂಗಡಿಯವರ ಕೈಗೆ ಕೊಡುವ ಮೊದಲು ಫೋಟೊ ತೆಗೆದುಕೊಳ್ಳಿ: ಉಬ್ಬಿನದು, ಒಳಮೈಯದು, ರಿಮ್ಮಿನದು, ಪಕ್ಕೆಯ ಮೇಲಿನ ಪೂರ್ತಿ ಬರಹದ್ದು. ಬಿಲ್ಲು ಜೋಪಾನ. ದೂರನ್ನು ಅಂಗಡಿಗೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ, ಕಂಪನಿಗೇ ಬರೆಯಿರಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಒಪ್ಪಿದರೂ ಪೂರ್ತಿ ಬೆಲೆ ಬರುತ್ತದೆಂದು ಎಣಿಸಬೇಡಿ; ಸಾಮಾನ್ಯವಾಗಿ ಟ್ರೆಡ್ಡಿನ, ಅಂದರೆ ನೆಲ ಮುಟ್ಟುವ ರಬ್ಬರಿನ, ಆಳ ಎಷ್ಟು ಉಳಿದಿದೆ ಎಂದು ಅಳೆದು ಸವೆದಷ್ಟಕ್ಕೆ ಬೆಲೆ ಕಳೆಯುತ್ತಾರೆ. ನನ್ನ ಟೈರಿಗೆ ಮೊದಲು ಬಂದ ಉತ್ತರ "ಪೆಟ್ಟು" ಎಂದೇ. ಒಳಮೈಯ ಮತ್ತು ರಿಮ್ಮಿನ ಫೋಟೊಗಳನ್ನು ಮತ್ತೆ ಕಳಿಸಿದ ಮೇಲೆ ಕೊಯ್ದು ನೋಡಿ ಒಪ್ಪಿಕೊಂಡರು.

ಕಂಪನಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಚಿಕ್ಕದು. ಹೆಸರನ್ನು ನೋಡಿ ನಂಬಬೇಡಿ, ಕೈಯಲ್ಲಿರುವ ಆ ಒಂದು ಟೈರನ್ನು ನೋಡಿ ನಂಬಿ.

ಎರಡನೆಯ ಉತ್ತರ

ನಾನು ಟೈರು ಬಿಚ್ಚಿ ಹಾಕುವ ಕೆಲಸದಲ್ಲಿದ್ದೇನೆ. ಮೇಲಿನವರ ಮಾತು ಸರಿ, ಆದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. "ದೋಷ" ಎಂದು ನನ್ನ ಮುಂದೆ ತಂದಿಟ್ಟ ಟೈರುಗಳಲ್ಲಿ ಬಹಳಷ್ಟು ಗಾಳಿ ಕಡಿಮೆಯಿಟ್ಟು ಓಡಿಸಿ ಹಾಳಾದವು. ಗಾಳಿ ಕಡಿಮೆಯಾದರೆ ಪಕ್ಕೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿ, ಬಿಸಿಯಾದಷ್ಟೂ ಪದರಗಳು ಬಿಡುತ್ತವೆ. ಅಂಥ ಟೈರಿನ ಒಳಗೆ ಬೆರಳಾಡಿಸಿದರೆ ಕಪ್ಪು ರಬ್ಬರಿನ ಪುಡಿ ಅಂಟುತ್ತದೆ, ಪಕ್ಕೆಯ ಉದ್ದಕ್ಕೂ ಸುಕ್ಕುಗಳ ಗೆರೆ ಇರುತ್ತದೆ. ಈ ಪುಡಿ ಕಂಡ ಮೇಲೆ ಕಂಪನಿಯ ಮೇಲೆ ದೂರು ಹೇಳಿ ಪ್ರಯೋಜನವಿಲ್ಲ. ಗಾಳಿಯನ್ನು ಟೈರು ತಣ್ಣಗಿರುವಾಗ ನೋಡಬೇಕು, ಓಡಿಸಿದ ತಕ್ಷಣ ಅಲ್ಲ. ಹವೆ ಹತ್ತು ಡಿಗ್ರಿ ಸೆಲ್ಸಿಯಸ್ ತಂಪಾದರೆ ಸುಮಾರು ಒಂದೂವರೆ ಪಿಎಸ್‌ಐ ಒತ್ತಡ ತಾನಾಗಿಯೇ ಇಳಿಯುತ್ತದೆ.

ಕುಲುಕಾಟಕ್ಕೆ ಇನ್ನೊಂದು ಕಾರಣ, ಟೈರು ರಿಮ್ಮಿನಲ್ಲಿ ಸರಿಯಾಗಿ ಕೂರದಿರುವುದು. ರಿಮ್ಮಿನ ಅಂಚಿಗೆ ಹೊಂದಿಕೊಂಡು ಟೈರಿನ ಸುತ್ತ ಒಂದು ಸಣ್ಣ ಗೆರೆ ಇರುತ್ತದೆ. ರಿಮ್ಮಿಗೂ ಆ ಗೆರೆಗೂ ನಡುವಿನ ಅಂತರ ಸುತ್ತಲೂ ಒಂದೇ ಸಮ ಇರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಟೈರಿನಲ್ಲಿ ದೋಷವಿಲ್ಲ, ಹಾಕಿದವರದು ತಪ್ಪು. ಗಾಳಿ ಬಿಟ್ಟು, ಸೋಪಿನ ನೀರು ಹಚ್ಚಿ, ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ಪಕ್ಕೆಯ ಮೇಲಿನ ಬಾಣದ ಗುರುತು ಚಕ್ರ ತಿರುಗುವ ಕಡೆಗೇ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಹೊಸ ಟೈರಿನ ಮೇಲಿನ ರಬ್ಬರಿನ ಕೂದಲುಗಳು, ನಿಂತಲ್ಲೇ ನಿಂತ ಟೈರಿನ ಮೇಲೆ ಕಾಣುವ ಕಂದು ಬಣ್ಣ, ಇವು ಯಾವುವೂ ದೋಷಗಳಲ್ಲ.

ಆದರೆ ನೀವು ಹೇಳುವ ಹೆಬ್ಬೆರಳಗಲದ ಉಬ್ಬು ಕೂರಿಸಿದ್ದರ ತಪ್ಪಿನಿಂದ ಬರುವುದಿಲ್ಲ.

ಮೂರನೆಯ ಉತ್ತರ

"ಹೆಸರನ್ನು ನೋಡಿ ನಂಬಬೇಡಿ" ಎಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹೆಸರಿಗೆ ಬೆಲೆ ಇದೆ, ಆದರೆ ನಾವು ಎಣಿಸುವ ಕಾರಣಕ್ಕಲ್ಲ. ದೊಡ್ಡ ಕಂಪನಿಯ ಟೈರು ಕೆಡುವುದಿಲ್ಲ ಎಂಬುದು ಸುಳ್ಳು. 2000ದ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಓಡುತ್ತಿರುವಾಗಲೇ ಟ್ರೆಡ್ ಕಿತ್ತು ಬರುತ್ತಿತ್ತು, ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳು ಉರುಳಿ ಜನ ಸತ್ತರು. ಕಾರಿನ ಟೈರಿನ ಕಥೆಯಾದರೂ ಅದರಲ್ಲಿ ನಮಗೆ ಬೇಕಾದದ್ದು ಒಂದಿದೆ. ವೈಲ್ಡರ್‌ನೆಸ್ ಎಟಿ ಎಂಬ ಮಾದರಿಯಲ್ಲಿ ಅಂದು ಕರೆಸಿಕೊಂಡದ್ದು ಎಲ್ಲವನ್ನೂ ಅಲ್ಲ, ಡೆಕೇಟರ್ ಊರಿನ ಕಾರ್ಖಾನೆಯಲ್ಲಿ ತಯಾರಾದ ಒಂದು ಅಳತೆಯವನ್ನು. ಅದೇ ಹೆಸರು, ಅದೇ ಮಾದರಿ, ಆದರೆ ತಯಾರಾದ ಜಾಗ ಬೇರೆ.

ತಯಾರಾದ ಜಾಗದ ಗುರುತು ನಿಮ್ಮ ಟೈರಿನ ಮೇಲೆಯೂ ಇರಬಹುದು. ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲು ಇದ್ದರೆ, ಅದರಲ್ಲಿ ಮೊದಲು ಬರುವ ಎರಡು ಅಥವಾ ಮೂರು ಗುರುತುಗಳು ಕಾರ್ಖಾನೆಯವು. ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 2319 ಎಂದರೆ 2019ರ 23ನೆಯ ವಾರ. ಪೂರ್ತಿ ಸಾಲು ಕೆಲವೊಮ್ಮೆ ಒಂದೇ ಪಕ್ಕೆಯಲ್ಲಿರುತ್ತದೆ, ಎರಡೂ ಕಡೆ ಹುಡುಕಿ. ಕಂಪನಿಗಳು ಟೈರು ಹಿಂದಕ್ಕೆ ಪಡೆಯುವಾಗ ಮಾದರಿ, ಅಳತೆ ಮತ್ತು ಇಂಥ ವಾರದಿಂದ ಇಂಥ ವಾರದವರೆಗೆ ಎಂದೇ ಪ್ರಕಟಿಸುತ್ತವೆ.

ಹಾಗಾಗಿ ನನ್ನ ಪ್ರಕಾರ ಹೆಸರಿನ ಬೆಲೆ ಇರುವುದು ಟೈರು ಕೆಟ್ಟ ಮೇಲೆ. ತಪ್ಪನ್ನು ತಾವಾಗಿ ಪ್ರಕಟಿಸಿ ಹಿಂದಕ್ಕೆ ಪಡೆಯುತ್ತಾರೆಯೇ? ದೂರಿಗೆ ಉತ್ತರ ಬರೆಯುತ್ತಾರೆಯೇ? ನಾನು ಕೊಳ್ಳುವ ಮೊದಲು ಕೇಳುವುದು ಇದನ್ನೇ. ಮಿಶೆಲಿನ್, ಪಿರೆಲ್ಲಿ, ಬ್ರಿಡ್ಜ್‌ಸ್ಟೋನ್, ಡನ್‌ಲಪ್, ಕಾಂಟಿನೆಂಟಲ್, ಇವು ತಲೆಮಾರುಗಳಿಂದ ಬೈಕಿನ ಟೈರು ಮಾಡಿಕೊಂಡು ಬಂದ ಹೆಸರುಗಳು, ನಿಜ. ಆದರೆ ಒಂದೇ ಹೆಸರಿನಡಿಯಲ್ಲಿ ದೂರ ಬಾಳುವ ಗಟ್ಟಿ ರಬ್ಬರಿನ ಟೈರೂ ಇದೆ, ತಿರುವಿನಲ್ಲಿ ಹಿಡಿದುಕೊಂಡು ಬೇಗ ಸವೆಯುವ ಮೃದು ರಬ್ಬರಿನದೂ ಇದೆ. ಬೇಗ ಸವೆಯಿತೆಂದು ಕಂಪನಿಯನ್ನೇ ದೂರುವವರು ಬಹಳ ಸಲ ತಮ್ಮ ಓಡಾಟಕ್ಕೆ ಹೊಂದದ ಮಾದರಿಯನ್ನು ಆರಿಸಿರುತ್ತಾರೆ. ಹೆಸರುಗಳ ಒಡೆತನವೂ ಒಂದೇ ಕಡೆ ನಿಲ್ಲುವುದಿಲ್ಲ: ಮೆಟ್ಸೆಲರ್ ಜರ್ಮನಿಯ ಹಳೆಯ ಹೆಸರು, 1986ರಿಂದ ಪಿರೆಲ್ಲಿಯ ಕೈಯಲ್ಲಿದೆ.

ಇನ್ನೊಬ್ಬರ ಅನುಭವ ಕೇಳುವಾಗಲೂ ಮಾದರಿ, ಅಳತೆ, ಬೈಕಿನ ತೂಕ, ಒಬ್ಬರೇ ಓಡಿಸುತ್ತಾರೋ ಜೊತೆಯಲ್ಲಿ ಇನ್ನೊಬ್ಬರೋ, ಇಷ್ಟನ್ನು ಕೇಳಿ. "ಆ ಕಂಪನಿ ಒಳ್ಳೆಯದು, ಈ ಕಂಪನಿ ಕೆಟ್ಟದ್ದು" ಎಂಬುದರಿಂದ ನಿಮಗೆ ಏನೂ ದಕ್ಕುವುದಿಲ್ಲ. ಅಳತೆಯ ಪಕ್ಕದಲ್ಲಿರುವ ಭಾರದ ಸಂಖ್ಯೆ ಮತ್ತು ವೇಗದ ಅಕ್ಷರವನ್ನು ಮರೆಯಬೇಡಿ. 66 ಎಂದರೆ 300 ಕಿಲೋ, ಎಚ್ ಎಂದರೆ ಗಂಟೆಗೆ 210 ಕಿ.ಮೀ. ಬೈಕು ಮಾಡಿದವರು ಸೂಚಿಸಿದ್ದಕ್ಕಿಂತ ಕಡಿಮೆಯದನ್ನು, ಎಷ್ಟೇ ಒಳ್ಳೆಯ ಹೆಸರಿರಲಿ, ಹಾಕಿಸಬಾರದು.

ನಾಲ್ಕನೆಯ ಉತ್ತರ

ಒಂದು ಮಾತು ಸೇರಿಸುತ್ತೇನೆ. ನನ್ನ ಬೈಕು ಎರಡು ವರ್ಷ ಹೆಚ್ಚು ಕಡಿಮೆ ನಿಂತೇ ಇತ್ತು. ಟ್ರೆಡ್ ಹೊಸದರಂತಿತ್ತು, ಆದರೆ ಗಾಳಿ ತುಂಬಿಸಿ ಪಕ್ಕೆಯನ್ನು ಬೆಳಕಿನಲ್ಲಿ ನೋಡಿದಾಗ ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕುಗಳು. ನಾನು ಇದನ್ನೂ ತಯಾರಿಕೆಯ ದೋಷವೆಂದೇ ತಿಳಿದಿದ್ದೆ. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸೀಳುತ್ತದೆ. ಅದನ್ನು ತಡೆಯಲು ಬೆರೆಸಿರುವ ಮೇಣ ಟೈರು ಉರುಳುತ್ತಿದ್ದರೆ ಮೇಲಕ್ಕೆ ಬರುತ್ತಿರುತ್ತದೆ, ನಿಂತುಬಿಟ್ಟರೆ ಬರುವುದಿಲ್ಲ. ಐದು ವರ್ಷ ಬಳಸಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಬೇಕು, ತಯಾರಾಗಿ ಹತ್ತು ವರ್ಷವಾದರೆ ಟ್ರೆಡ್ ಎಷ್ಟೇ ಇದ್ದರೂ ತೆಗೆಯಬೇಕು ಎಂದು ಮಿಶೆಲಿನ್ ಹೇಳುತ್ತದೆ. ಹೊಸ ಟೈರು ಕೊಳ್ಳುವಾಗಲೂ ಮೊದಲು ಆ ನಾಲ್ಕು ಅಂಕಿಗಳನ್ನು ಓದಿ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನಗಳ ಬಳಿಕ

ಎಲ್ಲರಿಗೂ ವಂದನೆ. ಅಂದೇ ಬೈಕು ನಿಲ್ಲಿಸಿದೆ. ಚಕ್ರ ಬಿಚ್ಚಿ ಬೇರೆ ಕಡೆ ಟೈರು ತೆಗೆಸಿದೆ. ಪೆನ್ಸಿಲಿನ ಪರೀಕ್ಷೆಯಲ್ಲಿ ರಿಮ್ ನೆಟ್ಟಗಿತ್ತು. ಒಳಮೈಯಲ್ಲಿ ಸೀಳಿಲ್ಲ, ಕಪ್ಪು ಪುಡಿಯೂ ಇಲ್ಲ. ಉಬ್ಬಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಮೇಲಿನ ರಬ್ಬರು ಮಾತ್ರ ಒಳಕ್ಕೆ ಹೋಗಿ ಮತ್ತೆ ಏಳುತ್ತದೆ, ನೀರು ತುಂಬಿದ ಬೊಬ್ಬೆಯಂತೆ. ಇದರ ಮೇಲೆ ಕುಳಿತು ಒಂದು ವಾರ ಓಡಾಡಿದ್ದೇನೆ.

ಫೋಟೊಗಳನ್ನೂ ಬಿಲ್ಲನ್ನೂ ಕಂಪನಿಗೆ ಕಳಿಸಿದ್ದೇನೆ. ಟೈರನ್ನು ತರಿಸಿಕೊಂಡಿದ್ದಾರೆ, ಕೊಯ್ದು ನೋಡಿ ತಿಳಿಸುತ್ತೇವೆ ಎಂದಿದ್ದಾರೆ. ಸದ್ಯಕ್ಕೆ ಬೇರೆ ಕಂಪನಿಯ ಟೈರು ಹಾಕಿಸಿದ್ದೇನೆ, ತಯಾರಾಗಿ ಹದಿನಾಲ್ಕು ವಾರವಾಗಿದೆ. ಹಾಕುವಾಗ ಪಕ್ಕದಲ್ಲೇ ನಿಂತು ರಿಮ್ಮಿನ ಸುತ್ತಲಿನ ಗೆರೆಯನ್ನು ನೋಡಿಕೊಂಡೆ. ಮುಂದಿನ ಚಕ್ರದಲ್ಲಿ ಇನ್ನೂ ಆ ಮೊದಲಿನ ಕಂಪನಿಯದೇ ಟೈರಿದೆ. ವಾರದ ಅಂಕಿ ಬೇರೆ, ಕಾರ್ಖಾನೆಯ ಗುರುತು ಮಾತ್ರ ಒಂದೇ. ಪೆನ್ಸಿಲಿಗೆ ಏನೂ ತಾಗಲಿಲ್ಲ. ಅದನ್ನು ಉಳಿಸಿಕೊಳ್ಳುವುದೋ ತೆಗೆಯುವುದೋ ಎಂಬುದನ್ನು ಕಂಪನಿಯ ಉತ್ತರ ನೋಡಿ ತೀರ್ಮಾನಿಸುತ್ತೇನೆ. ಉತ್ತರ ಬಂದ ದಿನ ಇಲ್ಲಿಯೇ ಬರೆಯುತ್ತೇನೆ.