‘ವಾರ್ ರಿಕ್ವಿಯಮ್’: ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,
ಇಂಗ್ಲಿಷ್ ಸಂಗೀತ ರಚನೆಕಾರ ಬೆಂಜಮಿನ್ ಬ್ರಿಟನ್‌ನ ‘ವಾರ್ ರಿಕ್ವಿಯಮ್’ (ರಿಕ್ವಿಯಮ್ ಎಂದರೆ ಕಥೋಲಿಕರು ಸತ್ತವರಿಗಾಗಿ ನಡೆಸುವ ಪೂಜೆ) ಎಂಬ ಗಾಯನಕೃತಿಯ ಪರಿಚಯಪತ್ರಿಕೆಯನ್ನು ಕನ್ನಡಿಸುತ್ತಿದ್ದೇನೆ. ಅದು ನಾಳೆ ಅಚ್ಚಿಗೆ ಹೋಗಬೇಕು. 1940ರ ನವೆಂಬರ್ 14ರ ಬಾಂಬ್ ದಾಳಿಯಲ್ಲಿ ಹಾಳಾದ ಇಂಗ್ಲೆಂಡಿನ ಕವೆಂಟ್ರಿ ನಗರದ ಕೆಥೆಡ್ರಲಿನ (ದೊಡ್ಡ ಚರ್ಚಿನ) ಪಕ್ಕದಲ್ಲಿ ಎದ್ದ ಹೊಸ ಕಟ್ಟಡದಲ್ಲಿ, 1962ರ ಮೇ 30ರಂದು, ಇದನ್ನು ಮೊದಲು ಹಾಡಲಾಯಿತು. ಲ್ಯಾಟಿನ್ ಪ್ರಾರ್ಥನೆ ಮುಖ್ಯವಾಗಿ ಸೊಪ್ರಾನೊ (ಎತ್ತರದ ಸ್ತ್ರೀಕಂಠ) ಮತ್ತು ಮೇಳದವರದು. ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕ ಕವಿ ವಿಲ್ಫ್ರೆಡ್ ಓವನ್‌ನ ಒಂಬತ್ತು ಕವಿತೆಗಳು ಟೆನರ್ (ಎತ್ತರದ ಪುರುಷಕಂಠ), ಬ್ಯಾರಿಟೋನ್ (ಮಧ್ಯಮ ಪುರುಷಕಂಠ) ಗಾಯಕರವು. ಸದ್ಯಕ್ಕೆ ‘ರಣವೀರ ಚರಮಗೀತೆ’ ಎಂದು ಹಾಕಿದ್ದೇನೆ. ಇದು ಸರಿಯೇ?

ಉತ್ತರ:
‘ರಣವೀರ’ವನ್ನು ಮೊದಲು ಹೊಡೆದುಹಾಕಿ. ತನ್ನ ಪುಸ್ತಕ ವೀರರನ್ನು ಕುರಿತದ್ದಲ್ಲವೆಂದು ಓವನ್ ಮುನ್ನುಡಿಯಲ್ಲೇ ಬರೆದಿದ್ದಾನೆ. ಬೆಂಜಮಿನ್ ಬ್ರಿಟನ್ ಸೈನ್ಯಸೇವೆಯನ್ನು ನಿರಾಕರಿಸಿದ ಶಾಂತಿವಾದಿ. ವೀರಗಲ್ಲಿನ ಭಾಷೆ ಇಲ್ಲಿ ಒಗ್ಗುವುದಿಲ್ಲ. ‘ಚರಮಗೀತೆ’ಯೂ ಸಾಲದು, ಏಕೆಂದರೆ ಅದು ಕವಿಯೊಬ್ಬನ ಶೋಕ, ಇದು ಪೂಜಾವಿಧಿ. ‘ರಿಕ್ವಿಯಮ್’ ಆ ಪ್ರಾರ್ಥನೆಯ ಮೊದಲ ಪದ, ‘ವಿಶ್ರಾಂತಿಯನ್ನು’ ಎಂದು ದ್ವಿತೀಯಾ ವಿಭಕ್ತಿಯಲ್ಲಿದೆ. ಕನ್ನಡ ಕಥೋಲಿಕರು ಚರ್ಚಿನ ಪೂಜೆಯಾದ ಮಾಸ್‌ಗೆ ‘ಬಲಿಪೂಜೆ’ ಎನ್ನುತ್ತಾರೆ. ‘ಸಮರ ಬಲಿಪೂಜೆ’ ಎನ್ನಿ. ಆಫರ್ಟೋರಿಯಂ (ಅರ್ಪಣೆಯ) ಭಾಗದಲ್ಲಿ, ದೇವರು ಅಬ್ರಹಾಮನಿಗೆ ಕೊಟ್ಟ ಮಾತನ್ನು ಮೇಳ ಹಾಡಿದ ಬೆನ್ನಿಗೇ ಓವನ್‌ನ ಕವಿತೆ ಬರುತ್ತದೆ. ಬೈಬಲಿನಲ್ಲಿ ದೇವದೂತ ತಡೆದಾಗ ಅಬ್ರಹಾಮ ಮಗನ ಬದಲು ಟಗರನ್ನು ಬಲಿಕೊಡುತ್ತಾನೆ; ಈ ಕವಿತೆಯಲ್ಲಿ ದೇವದೂತ ಟಗರನ್ನು ತೋರಿಸಿದರೂ ಮುದುಕ ಅಬ್ರಹಾಮ ಕೇಳದೆ ಮಗನನ್ನೂ, ಯುರೋಪಿನ ಅರ್ಧ ಸಂತತಿಯನ್ನೂ ಒಬ್ಬೊಬ್ಬರಾಗಿ ಕೊಲ್ಲುತ್ತಾನೆ. ಗಾಯಕರಿಬ್ಬರೂ ಆ ‘ಒಬ್ಬೊಬ್ಬರಾಗಿ’ಯನ್ನೇ ಮತ್ತೆ ಮತ್ತೆ ಹೇಳುತ್ತಿರುವಾಗ ಬಾಲಕರ ಮೇಳ ದೂರದಿಂದ ‘ಹೋಸ್ತಿಯಾಸ್’ ಎಂದು ಹಾಡುತ್ತದೆ. ಅದರ ಅರ್ಥ ‘ಬಲಿಗಳನ್ನು’ ಎಂದೇ.

ಇನ್ನೊಬ್ಬರು:
‘ಸಮರ ಬಲಿಪೂಜೆ’ ಎಂದರೆ ಓದುಗನಿಗೆ ಮಾರಿಯ ಮುಂದಿನ ಕೋಣ ನೆನಪಾಗುತ್ತದೆ. ಅಲ್ಲದೆ ಬಲಿಪೂಜೆ ಪ್ರತಿ ಭಾನುವಾರವೂ ನಡೆಯುತ್ತದೆ. ಸತ್ತವರಿಗಾಗಿ ಎಂಬ ವಿಶೇಷ ಅದರಲ್ಲಿ ಎಲ್ಲಿದೆ? ಸಿಂಫನಿ, ಸೊನಾಟಾ, ಒಪೆರಾಗಳನ್ನು ತಕರಾರಿಲ್ಲದೆ ಬರೆಯುವವರು ರಿಕ್ವಿಯಮ್ ಬಂದಾಗ ಮಾತ್ರ ಮಡಿ ಉಡುವುದೇಕೆ? ‘ಯುದ್ಧ ರಿಕ್ವಿಯಮ್’ ಎಂದು ಹಾಕಿ ಮುಗಿಸಿ.

ಮರು ಉತ್ತರ:
ಕಥೋಲಿಕರು ಬಳಸಿ ಬಳಸಿ ಸವೆಸಿದ ಪದವನ್ನು ಕನ್ನಡವೆಂದು ಒಪ್ಪದವರು ಎರವಲಿನ ಉದಾರತೆಯನ್ನು ನಮಗೆ ಕಲಿಸಬೇಕಾಗಿಲ್ಲ. ಅರ್ಧ ಅನುವಾದಿಸಿ ಅರ್ಧ ಬಿಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಮೂಲ ಹೆಸರೇ ಬೇಕೆಂದರೆ ‘ವಾರ್ ರಿಕ್ವಿಯಮ್’ ಎಂದು ಇಡಿಯಾಗಿ ಉಳಿಸಿ, ಅದರ ಕೆಳಗೆ ‘ಯುದ್ಧದಲ್ಲಿ ಮಡಿದವರಿಗಾಗಿ ಬಲಿಪೂಜೆ’ ಎಂದು ಬರೆಯಿರಿ. ಆಫರ್ಟೋರಿಯಂ ಟಿಪ್ಪಣಿಯಲ್ಲಿ ಮಾತ್ರ ‘ಬಲಿ’ಯನ್ನು ‘ಕಾಣಿಕೆ’ಯೆಂದು ಮೆದುಗೊಳಿಸಬೇಡಿ.